ಕಪ್ಪು ಇತಿಹಾಸದ ಸಾಕ್ಷ್ಯಚಿತ್ರ ತೋರಿಸುವ ಮುನ್ನ

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಕಥೆ ಹೇಳುವ 'ಐಸ್ ಆನ್ ದ ಪ್ರೈಜ್' ಎಂಬ ಹೆಸರಾಂತ ಸಾಕ್ಷ್ಯಚಿತ್ರ ಮಾಲಿಕೆ ಸುಮಾರು ಹತ್ತು ವರ್ಷ ಪೆಟ್ಟಿಗೆಯೊಳಗೇ ಉಳಿದಿತ್ತು. ಬಾಸ್ಟನ್ನಿನ ಹೆನ್ರಿ ಹ್ಯಾಂಪ್ಟನ್ ಮತ್ತು ಅವರ ಬ್ಲ್ಯಾಕ್‌ಸೈಡ್ ಸಂಸ್ಥೆಯವರು ಮಾಡಿದ ಈ ಮಾಲಿಕೆಯ ಮೊದಲ ಆರು ಕಂತು 1987ರಲ್ಲಿ, ಇನ್ನೆಂಟು 1990ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿ ಜಾಲ ಪಿಬಿಎಸ್‌ನಲ್ಲಿ ಬಂದವು. ಹಳೆಯ ಸುದ್ದಿಚಿತ್ರಗಳ ತುಣುಕು, ಫೋಟೊ, ಹಾಡು, ಎಲ್ಲಕ್ಕೂ ಹಕ್ಕು ಕೊಳ್ಳಬೇಕಿತ್ತು. ಕೈಯಲ್ಲಿದ್ದ ದುಡ್ಡಿಗೆ ಕೆಲವೇ ವರ್ಷಗಳ ಹಕ್ಕು ಸಿಕ್ಕಿತು. ತೊಂಬತ್ತರ ದಶಕದ ನಡುವೆ ಆ ಅವಧಿ ತೀರಿದ್ದೇ ತಡ, ಟಿವಿಯಲ್ಲಿ ತೋರಿಸುವಂತಿಲ್ಲ, ಹೊಸ ಕ್ಯಾಸೆಟ್ ಮಾರುವಂತಿಲ್ಲ ಎಂದಾಯಿತು. ಶಾಲೆ ಮತ್ತು ಲೈಬ್ರರಿಗಳ ಹಳೆಯ ವಿಎಚ್‌ಎಸ್ ಟೇಪುಗಳು ಸವೆಯುತ್ತಾ ಹೋದವು. ಹ್ಯಾಂಪ್ಟನ್ 1998ರಲ್ಲಿ ತೀರಿಕೊಂಡರು. ಫೋರ್ಡ್ ಫೌಂಡೇಶನ್ ಮುಂತಾದವರು ಹಣ ಕೊಟ್ಟು, ಒಂದೊಂದೇ ತುಣುಕಿನ ಹಕ್ಕನ್ನು ಮತ್ತೆ ಬಿಡಿಸಿಕೊಂಡ ಮೇಲೆ 2006ರಲ್ಲಿ ಅದು ಮರುಪ್ರಸಾರವಾಯಿತು.

ಅಮೆರಿಕದಲ್ಲಿ ಕಪ್ಪು ಇತಿಹಾಸದ ತಿಂಗಳಾದ ಫೆಬ್ರುವರಿಯಲ್ಲಿ ಅಂಥ ಸಾಕ್ಷ್ಯಚಿತ್ರ ತೋರಿಸೋಣ ಎಂದು ಹೊರಡುವ ಲೈಬ್ರರಿ ಗೆಳೆಯರ ಬಳಗವಾಗಲಿ, ಚರ್ಚ್ ಸಮಿತಿಯಾಗಲಿ, ಕನ್ನಡ ಕೂಟವಾಗಲಿ ಮೊದಲು ಹಾಲ್ ಬುಕ್ ಮಾಡುತ್ತಾರೆ, ಆಮೇಲೆ ಪೋಸ್ಟರ್ ಮಾಡುತ್ತಾರೆ, ಹಕ್ಕಿನ ವಿಚಾರಕ್ಕೆ ಬರುವುದು ಕೊನೆಗೆ. ಈ ಕ್ರಮವನ್ನು ತಿರುಗಿಸಬೇಕು. ಮನೆಯಲ್ಲಿ ನೋಡಲು ಕೊಂಡ ಡಿವಿಡಿ, ತಿಂಗಳ ಚಂದಾ ಕಟ್ಟಿದ ಸ್ಟ್ರೀಮಿಂಗ್ ಖಾತೆ, ಇವೆರಡೂ ಮನೆಯ ಬಾಗಿಲಿನೊಳಗಿನ ಮಾತು. ಹಾಲ್‌ನಲ್ಲಿ ತೋರಿಸಿದರೆ, ಟಿಕೆಟ್ ಇಲ್ಲದಿದ್ದರೂ, ಬಂದವರು ಹತ್ತೇ ಜನ ಆದರೂ ಅದು ಸಾರ್ವಜನಿಕ ಪ್ರದರ್ಶನವೇ. ಅದಕ್ಕೆ ಬೇರೆ ಪರವಾನಗಿ ಬೇಕು. ಅಮೆರಿಕದ ಕಾಯಿದೆಯಲ್ಲಿ ತರಗತಿಯೊಳಗೆ ಮೇಷ್ಟರು ಪಾಠದ ಭಾಗವಾಗಿ ತೋರಿಸುವುದಕ್ಕೆ ವಿನಾಯಿತಿ ಇದೆ. ಅದೇ ಶಾಲೆಯ ಸಭಾಂಗಣಕ್ಕೆ ಊರವರನ್ನು ಕರೆದ ಕೂಡಲೇ ಆ ವಿನಾಯಿತಿ ಮುಗಿಯುತ್ತದೆ. ಇಲ್ಲಿ ಎಡವುವವರೇ ಹೆಚ್ಚು.

ಪರವಾನಗಿ ಎಲ್ಲಿ ಸಿಗುತ್ತದೆ ಎಂಬುದು ಚಿತ್ರದ ಮೇಲೆ ಹೋಗುತ್ತದೆ. ದೊಡ್ಡ ಸ್ಟುಡಿಯೊಗಳ ಚಿತ್ರಗಳಿಗೆ ಸ್ವಾಂಕ್‌ನಂಥ ಕಂಪನಿಗಳಿವೆ. ಹಲವು ಲೈಬ್ರರಿಗಳು ಇಂಥ ಹಲವು ಚಿತ್ರಗಳಿಗೆ ಒಟ್ಟಿಗೆ ಅನ್ವಯಿಸುವ ವರ್ಷದ ಛತ್ರಿ ಪರವಾನಗಿಯನ್ನು ಆಗಲೇ ಕಟ್ಟಿರುತ್ತವೆ, ಲೈಬ್ರೇರಿಯನ್ನರನ್ನು ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ನಮಗೆ ಬೇಕಾದ ಸಾಕ್ಷ್ಯಚಿತ್ರಗಳಲ್ಲಿ ಬಹುಪಾಲು ಆ ಛತ್ರಿಯ ಕೆಳಗೆ ಬರುವುದಿಲ್ಲ. ಅವು ಕ್ಯಾಲಿಫೋರ್ನಿಯಾ ನ್ಯೂಸ್‌ರೀಲ್, ಥರ್ಡ್ ವರ್ಲ್ಡ್ ನ್ಯೂಸ್‌ರೀಲ್, ವಿಮೆನ್ ಮೇಕ್ ಮೂವೀಸ್, ಐಕರಸ್‌ನಂಥ ಸಣ್ಣ ವಿತರಕರ ಬಳಿ ಇರುತ್ತವೆ. ಆಯಾ ವಿತರಕರಿಗೇ ಬರೆಯಬೇಕು. ಪತ್ರದಲ್ಲಿ ಐದು ವಿಷಯ ಇರಲಿ: ದಿನಾಂಕ, ಜಾಗ, ಎಷ್ಟು ಕುರ್ಚಿ, ಟಿಕೆಟ್ ಇದೆಯೋ ಇಲ್ಲವೋ, ಯಾವ ರೂಪದಲ್ಲಿ ತೋರಿಸುತ್ತೀರಿ. ಒಂದು ಸಮುದಾಯ ಪ್ರದರ್ಶನದ ಶುಲ್ಕ ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಡಾಲರ್‌ವರೆಗೆ ಇರುತ್ತದೆ. ಲಾಭವಿಲ್ಲದ ಸಂಸ್ಥೆ ಎಂದರೆ ಚೌಕಾಸಿಗೆ ಜಾಗವಿದೆ. ಫೆಬ್ರುವರಿಗೆ ಬೇಕಾದದ್ದನ್ನು ನವೆಂಬರಿನಲ್ಲೇ ಕೇಳಿ. ಜನವರಿ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಬರೆಯುತ್ತಾರೆ, ಉತ್ತರ ಬರುವುದರೊಳಗೆ ತಿಂಗಳೇ ಮುಗಿದಿರುತ್ತದೆ.

ಲೈಬ್ರರಿಗಳ ಮೂಲಕ ಸಿಗುವ ಸ್ಟ್ರೀಮಿಂಗ್ ತಾಣ ಕನೋಪಿಯಲ್ಲಿ ಕೆಲವು ಚಿತ್ರಗಳಿಗೆ ಸಾರ್ವಜನಿಕ ಪ್ರದರ್ಶನದ ಹಕ್ಕು ಸೇರಿಯೇ ಬರುತ್ತದೆ. ಚಿತ್ರದ ಪುಟದಲ್ಲಿ ಹಾಗೆಂದು ಗುರುತು ಇರಬೇಕು, ಪ್ರವೇಶ ಉಚಿತವಾಗಿರಬೇಕು. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳಿಗೆ ಮಾತ್ರ ಒಂದು ಸಲದ ಶೈಕ್ಷಣಿಕ ಪ್ರದರ್ಶನಕ್ಕೆ ಒಪ್ಪುತ್ತದೆ. ಒಪ್ಪಿಗೆ ಇದೆಯೆಂಬುದು ಆ ಚಿತ್ರದ ವಿವರದಲ್ಲೇ ಬರೆದಿರುತ್ತದೆ. ಬರೆದಿಲ್ಲವೆಂದರೆ ಇಲ್ಲ.

ಹಕ್ಕಿನ ತೊಡಕೇ ಇಲ್ಲದ ಚಿತ್ರಗಳೂ ಇವೆ. ಅಮೆರಿಕದ ಕೇಂದ್ರ ಸರ್ಕಾರವೇ ಮಾಡಿದ ಚಿತ್ರಕ್ಕೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಯುದ್ಧ ಇಲಾಖೆ ತೆಗೆಸಿದ 'ದ ನೀಗ್ರೋ ಸೋಲ್ಜರ್' (1944) ಅಂಥದ್ದು. ಬರೆದವರು ಕಾರ್ಲ್‌ಟನ್ ಮಾಸ್, ಉದ್ದ ಸುಮಾರು ನಲವತ್ತು ನಿಮಿಷ. ಆದರೆ ಪೀಠಿಕೆ ಇಲ್ಲದೆ ಇದನ್ನು ತೋರಿಸಬಾರದು. ಕಪ್ಪು ಸೈನಿಕರನ್ನು ಗೌರವದಿಂದ ಕಾಣಿಸುವ ಈ ಚಿತ್ರ, ಆಗಿನ ಸೇನೆ ಅವರನ್ನು ಬೇರೆ ದಳಗಳಲ್ಲಿ ಇಟ್ಟಿತ್ತು ಎಂಬ ಮಾತನ್ನು ಎತ್ತುವುದೇ ಇಲ್ಲ. ಸರ್ಕಾರಿ ಚಿತ್ರದೊಳಗೆ ಬೇರೆಯವರ ಹಾಡೋ ಭಾಷಣವೋ ಸೇರಿದ್ದರೆ ಅದರ ಹಕ್ಕೂ ಬೇರೆ. ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ವಾಷಿಂಗ್ಟನ್ ಭಾಷಣ ಇನ್ನೂ ಅವರ ವಾರಸುದಾರರ ಕೃತಿಸ್ವಾಮ್ಯದಲ್ಲಿದೆ. ಕಾರ್ಯಕ್ರಮದ ಪರಿಚಯದ ವಿಡಿಯೊಗೆ ಅದರಿಂದ ಅರ್ಧ ನಿಮಿಷ ಕತ್ತರಿಸಿ ಅಂಟಿಸುವ ಮುನ್ನ ಯೋಚಿಸಿ.

ಫೆಬ್ರುವರಿಯೇ ಏಕೆ? ಕಾರ್ಟರ್ ಜಿ. ವುಡ್ಸನ್ ಎಂಬ ಇತಿಹಾಸಕಾರ 1926ರಲ್ಲಿ ಈ ತಿಂಗಳ ಎರಡನೇ ವಾರವನ್ನು ನೀಗ್ರೋ ಇತಿಹಾಸ ವಾರ ಎಂದು ಶುರುಮಾಡಿದರು. ಲಿಂಕನ್ ಹುಟ್ಟಿದ ಹಬ್ಬ 12ಕ್ಕೆ, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರದ್ದು 14ಕ್ಕೆ, ಎರಡನ್ನೂ ಕಪ್ಪು ಜನ ಆಗಲೇ ಆಚರಿಸುತ್ತಿದ್ದರು. 1976ರಲ್ಲಿ ವಾರ ತಿಂಗಳಾಯಿತು. ಬ್ರಿಟನ್ನಿನಲ್ಲಿ 1987ರಿಂದ ಇದೇ ಆಚರಣೆ ಅಕ್ಟೋಬರಿನಲ್ಲಿ ನಡೆಯುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಫೆಬ್ರುವರಿ ಎಂದರೆ ಹಿಮ. ಹಾಗಾಗಿ ಪರವಾನಗಿ ಕೇಳುವಾಗಲೇ ಬದಲಿ ದಿನಾಂಕವನ್ನೂ ಬರೆಸಿಕೊಳ್ಳಿ. ಒಂದೇ ತಿಂಗಳಲ್ಲಿ ನಾಲ್ಕು ಚಿತ್ರ ತುರುಕಿ ಹನ್ನೊಂದು ತಿಂಗಳು ಸುಮ್ಮನಿರುವುದಕ್ಕಿಂತ ಎರಡು ತಿಂಗಳಿಗೊಂದು ತೋರಿಸುವುದು ಮೇಲು. ಗುಲಾಮಗಿರಿ ಕೊನೆಗೊಂಡದ್ದನ್ನು ನೆನೆಯುವ ಜೂನ್ 19ರ ಜೂನ್‌ಟೀಂತ್ ಹೊತ್ತಿಗೆ ಬಯಲಲ್ಲೇ ಪರದೆ ಕಟ್ಟಬಹುದು, ಆದರೆ ಆಗ ಕತ್ತಲಾಗುವುದೇ ಒಂಬತ್ತರ ಮೇಲೆ.

ಉದ್ದದ ಮಾತು. ಎರಡು ಗಂಟೆಯ ಚಿತ್ರ ತೋರಿಸಿದರೆ ಕೊನೆಯಲ್ಲಿ ಮಾತಿಗೆ ಯಾರೂ ಉಳಿಯುವುದಿಲ್ಲ. ಮೂವತ್ತರಿಂದ ಅರವತ್ತು ನಿಮಿಷದ ಚಿತ್ರ, ಅಷ್ಟೇ ಹೊತ್ತಿನ ಮಾತು, ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಮ್ಯಾಡಲೀನ್ ಆಂಡರ್ಸನ್ ಅವರ 'ಐ ಆ್ಯಮ್ ಸಮ್‌ಬಡಿ' (1970) ಮೂವತ್ತೇ ನಿಮಿಷದ್ದು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ 1969ರಲ್ಲಿ ಆಸ್ಪತ್ರೆಯ ನಾನೂರಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿದರು. ಹೆಚ್ಚಿನವರು ಕಪ್ಪು ಹೆಂಗಸರು. ಅವರ ಮಾತಿನಲ್ಲೇ ಕಥೆ ಸಾಗುತ್ತದೆ. ಸಭೆಯಲ್ಲಿ ದಾದಿಯರು, ಆಸ್ಪತ್ರೆಯ ಸಹಾಯಕರು ಇದ್ದರೆ ದೀಪ ಹಾಕುವ ಮೊದಲೇ ಮಾತು ಶುರುವಾಗಿರುತ್ತದೆ. ಎಲ್ಲರಿಗೂ ಗೊತ್ತಿರುವ ಹೆಸರುಗಳ ಚಿತ್ರಕ್ಕಿಂತ ಇಂಥದ್ದು ಸಮುದಾಯ ಪ್ರದರ್ಶನಕ್ಕೆ ಎಷ್ಟೋ ಮೇಲು.

ಇನ್ನು ಪ್ರೊಜೆಕ್ಟರ್. ಕಪ್ಪು ಇತಿಹಾಸದ ಚಿತ್ರಗಳಲ್ಲಿ ಕೆಟ್ಟ ಸೆಟ್ಟಿಂಗ್‌ನಿಂದಾಗುವ ನಷ್ಟ ಬೇರೆ ಚಿತ್ರಗಳಿಗಿಂತ ಹೆಚ್ಚು, ಏಕೆಂದರೆ ಮೊದಲು ಅಳಿಸಿಹೋಗುವುದು ಮುಖಗಳೇ. ಕಲರ್ ಫಿಲ್ಮನ್ನೂ ಅದನ್ನು ಮುದ್ರಿಸುವ ಲ್ಯಾಬನ್ನೂ ದಶಕಗಳ ಕಾಲ ಬಿಳಿ ಚರ್ಮಕ್ಕೆ ಹೊಂದಿಸಲಾಗಿತ್ತು. ಲ್ಯಾಬಿನವರು ಬಣ್ಣ ಸರಿಮಾಡಲು ಬಳಸುತ್ತಿದ್ದ ಮಾದರಿ ಚಿತ್ರದಲ್ಲಿ ಇರುತ್ತಿದ್ದದ್ದು ಬಿಳಿ ಹೆಂಗಸು, ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು. ಹೀಗೆ ಮೂಲದಲ್ಲೇ ನೆರಳಿಗೆ ಸರಿದಿರುವ ಮುಖವನ್ನು ಪ್ರೊಜೆಕ್ಟರಿನ 'ವಿವಿಡ್' ಅಥವಾ 'ಡೈನಮಿಕ್' ಮೋಡ್ ಇನ್ನಷ್ಟು ಕತ್ತಲಿಗೆ ತಳ್ಳುತ್ತದೆ. ಮೋಡನ್ನು 'ಸಿನೆಮಾ'ಕ್ಕೆ ಇಡಿ. ಆಮೇಲೆ ಚಿತ್ರದಲ್ಲೇ ಒಂದು ಕಷ್ಟದ ಫ್ರೇಮ್ ಹುಡುಕಿ: ಮಂದ ಬೆಳಕಿನ ಚರ್ಚಿನೊಳಗೆ ಕಪ್ಪು ಸೂಟು ತೊಟ್ಟ ಪಾದ್ರಿ ಇರುವಂಥದ್ದು. ಅದನ್ನು ನಿಲ್ಲಿಸಿಟ್ಟು ಬ್ರೈಟ್‌ನೆಸ್ ಏರಿಸುತ್ತಾ ಹೋಗಿ. ಕೆನ್ನೆಯ ತಿರುವು, ಕೋಟಿನ ಮಡಿಕೆ ಕಂಡ ಕಡೆ ನಿಲ್ಲಿಸಿ. ಕತ್ತಲಿರಬೇಕಾದ ಮೂಲೆ ಬೂದಿ ಬಣ್ಣಕ್ಕೆ ತಿರುಗಿದರೆ ಎರಡು ಹೆಜ್ಜೆ ಹಿಂದಕ್ಕೆ ಬನ್ನಿ.

ಎಷ್ಟು ತಿರುಗಿಸಿದರೂ ಮುಖ ಮಸಿಯಂತೆಯೇ ಇದ್ದರೆ ದೋಷ ಸಾಮಾನ್ಯವಾಗಿ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿರುತ್ತದೆ. ವಿಡಿಯೊ ಲೆಕ್ಕದಲ್ಲಿ ಕಪ್ಪು 16ಕ್ಕೆ ಶುರುವಾಗಿ ಬಿಳುಪು 235ಕ್ಕೆ ಮುಗಿಯುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು 0ಯಿಂದ 255. ಲ್ಯಾಪ್‌ಟಾಪ್ ಎರಡನೆಯ ಲೆಕ್ಕದಲ್ಲಿ ಕಳಿಸಿ ಪ್ರೊಜೆಕ್ಟರ್ ಮೊದಲನೆಯದೆಂದು ತಿಳಿದರೆ 16ರ ಕೆಳಗಿನದೆಲ್ಲ ಒಂದೇ ಕಪ್ಪಾಗಿ ಮುಚ್ಚಿಹೋಗುತ್ತದೆ. ತಿರುವುಮುರುವಾದರೆ ಇಡೀ ಚಿತ್ರ ಸುಣ್ಣ ಬಳಿದ ಹಾಗೆ ಮಂಕಾಗುತ್ತದೆ. ಪ್ರೊಜೆಕ್ಟರಿನ ಮೆನುವಿನಲ್ಲಿ ಎಚ್‌ಡಿಎಂಐ ರೇಂಜ್ ಎಂಬಲ್ಲಿ 'ಫುಲ್', 'ಲಿಮಿಟೆಡ್' ಎರಡನ್ನೂ ಹಾಕಿ ನೋಡಿ, ಮುಖ ಸರಿಯಾಗಿ ಕಂಡದ್ದನ್ನು ಇಟ್ಟುಕೊಳ್ಳಿ.

ಹಳೆಯ ತುಣುಕುಗಳು ಹೆಚ್ಚಾಗಿ 4:3 ಆಕಾರದವು, ಎರಡು ಬದಿಗೆ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲಿ ಎಂದು ಯಾರಾದರೂ ರಿಮೋಟ್ ಒತ್ತಿ ಎಳೆದರೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಮುಖ ಅಗಲವಾಗುತ್ತದೆ. ಆ ರಿಮೋಟ್ ಒಬ್ಬರ ಜೇಬಿನಲ್ಲಿರಲಿ. ಚಲನೆ ನುಣುಪಾಗಿಸುವ ಸೌಲಭ್ಯ ಇದ್ದರೆ ಆಫ್ ಮಾಡಿ. ಡಿವಿಡಿಯಲ್ಲಿ ಮೆರವಣಿಗೆಯ ಜನರ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ವಿಡಿಯೊ ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಡೀಇಂಟರ್ಲೇಸ್ ಆನ್ ಮಾಡಿ.

ಪರದೆಯ ಅಳತೆಗೆ ಚಾವಣಿಯೇ ಯಜಮಾನ. ಹತ್ತು ಅಡಿ ಅಗಲದ 16:9 ಪರದೆಗೆ ಐದೂವರೆ ಅಡಿ ಚಿಲ್ಲರೆ ಎತ್ತರ. ಮುಂದೆ ಕೂತವರ ತಲೆ ಅಡ್ಡ ಬರಬಾರದೆಂದರೆ ಅದರ ಕೆಳಅಂಚು ನೆಲದಿಂದ ನಾಲ್ಕಡಿ ಮೇಲಿರಬೇಕು, ಒಟ್ಟು ಒಂಬತ್ತೂವರೆ ದಾಟಿತು. ಚರ್ಚಿನ ನೆಲಮಾಳಿಗೆಯ ಚಾವಣಿ ಎಂಟೂವರೆ ಅಡಿಯದ್ದಿರಬಹುದು. ಅಂಥಲ್ಲಿ ಎಂಟು ಅಡಿ ಅಗಲಕ್ಕೆ ಇಳಿಯಿರಿ, ಎತ್ತರ ನಾಲ್ಕೂವರೆ ಆಗುತ್ತದೆ, ಕುರ್ಚಿಗಳನ್ನು ಒಂದು ಬಿಟ್ಟು ಒಂದು ಸಾಲು ಅರ್ಧ ಕುರ್ಚಿಯಷ್ಟು ಸರಿಸಿ ಹಾಕಿ. ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಇರದಿದ್ದರೆ ಅಡಿಬರಹ ಓದಲು ಬರುತ್ತದೆ. ಈ ಪರದೆಗೆ ಅದು 27 ಅಡಿ. ಪ್ರೊಜೆಕ್ಟರಿನ ಥ್ರೋ ರೇಷಿಯೊ, ಅಂದರೆ ಅದರ ದೂರವನ್ನು ಪರದೆಯ ಅಗಲದಿಂದ ಭಾಗಿಸಿದ ಸಂಖ್ಯೆ, 1.5 ಇದ್ದರೆ 8 ಗುಣಿಸು 1.5, ಅಂದರೆ 12 ಅಡಿ ದೂರದಲ್ಲಿ ಅದನ್ನಿಡಬೇಕು. ಅದು ಜನರ ನಡುವೆಯೇ ಬರುತ್ತದೆ, ಆದ್ದರಿಂದ ಮಧ್ಯದಲ್ಲಿ ದಾರಿ ಬಿಟ್ಟು ಮೇಜು ಹಾಕಿ. ಪೂರ್ತಿ ಕತ್ತಲಾದರೆ ಇಂಥ ಪರದೆಗೆ ಪ್ರೊಜೆಕ್ಟರಿನ ಬೆಳಕು ಸಾವಿರ ಲ್ಯೂಮೆನ್ಸ್ ಇದ್ದರೆ ಧಾರಾಳವಾಯಿತು. ಕಿಟಕಿ, ಎಕ್ಸಿಟ್ ದೀಪ, ಅಡುಗೆಮನೆಯ ಬೆಳಕು ಇರುವ ಕಡೆ ಮೂರರಿಂದ ನಾಲ್ಕು ಸಾವಿರ ಬೇಕು.

ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಎಚ್‌ಡಿಎಂಐ ಹಾಕಿದ ಕೂಡಲೇ ಧ್ವನಿ ಪ್ರೊಜೆಕ್ಟರಿನೊಳಗಿನ ಪುಟ್ಟ ಸ್ಪೀಕರಿಗೆ ಹೋಗಿಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಧ್ವನಿಯ ದಾರಿ ಬದಲಿಸಿ ಹೆಡ್‌ಫೋನ್ ಜಾಕಿನಿಂದ ಡಿಐ ಬಾಕ್ಸ್ (ಧ್ವನಿಯನ್ನು ಮಿಕ್ಸರಿಗೆ ಹೊಂದಿಸಿ ಕಳಿಸುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಮಿಕ್ಸರ್, ಅಲ್ಲಿಂದ ಸ್ಪೀಕರ್ ಎಂದು ಜೋಡಿಸಿ. ಡಿಐ ಬಾಕ್ಸ್ ಇಲ್ಲದೆ ನೇರ ಜೋಡಿಸಿದರೆ ಗುಂಯ್ ಎಂಬ ಸದ್ದು ಬರುವುದುಂಟು, ಲ್ಯಾಪ್‌ಟಾಪಿನ ಚಾರ್ಜರೂ ಮಿಕ್ಸರೂ ಬೇರೆ ಬೇರೆ ಅರ್ಥಿಂಗ್ ಹಿಡಿದಿರುವುದೇ ಕಾರಣ. ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಹೋಗುತ್ತದೆ. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಸ್ಪೀಕರುಗಳನ್ನು ಪರದೆಯ ಎರಡು ಬದಿಗೆ ಸ್ಟ್ಯಾಂಡ್ ಮೇಲೆ, ಕೂತವರ ತಲೆಗಿಂತ ಎತ್ತರದಲ್ಲಿಡಿ. ಅರವತ್ತರ ದಶಕದ ಭಾಷಣಗಳ ಮುದ್ರಣದಲ್ಲಿ ತಗ್ಗು ದನಿ ಎಂದರೆ ಬರೀ ಗದ್ದಲ. ಮಿಕ್ಸರಿನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ 2ರಿಂದ 4 ಸಾವಿರ ಹರ್ಟ್ಸ್ ನಡುವಿನದನ್ನು ತುಸು ಏರಿಸಿದರೆ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುತ್ತವೆ. ಇಂಗ್ಲಿಷ್ ಚಿತ್ರಕ್ಕೂ ಇಂಗ್ಲಿಷ್ ಅಡಿಬರಹ ಹಾಕಿಯೇ ತೋರಿಸಿ. ಕಿವಿ ಮಂದವಾದ ಹಿರಿಯರು ಕೇಳಿ ಪಡೆಯುವುದಿಲ್ಲ, ಸುಮ್ಮನೆ ಕೂತಿರುತ್ತಾರೆ.

ಸ್ಟ್ರೀಮಿಂಗ್ ನೆಚ್ಚಬೇಡಿ. ಹಾಲ್‌ನ ವೈಫೈ ಕೈಕೊಡುತ್ತದೆ, ಉದ್ದನೆಯ ಕೇಬಲ್ಲೋ ಅಡಾಪ್ಟರೋ ನಡುವೆ ಬಂದರೆ ಕಾಪಿ ತಡೆಯುವ ಎಚ್‌ಡಿಸಿಪಿ ಮುನಿಸಿಕೊಂಡು ಪರದೆ ಕಪ್ಪಾಗಿ ಧ್ವನಿ ಮಾತ್ರ ಬರುತ್ತದೆ. ವಿತರಕರಿಂದ ಬ್ಲೂರೇ ಅಥವಾ ಎಂಪಿ4 ಫೈಲ್ ಕೇಳಿ. ಮಾಮೂಲಿ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ಮಿಣುಕಲು ಶುರು, ಅದಕ್ಕಿಂತ ಉದ್ದಕ್ಕೆ ಆಪ್ಟಿಕಲ್ ಕೇಬಲ್ ತರಿಸಿ. ಅದಕ್ಕೆ ದಿಕ್ಕು ಇದೆ, ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ.

ಕೆಲವು ದೃಶ್ಯಗಳ ಬಗ್ಗೆ ಮೊದಲೇ ಹೇಳಿಬಿಡಬೇಕು. 'ಐಸ್ ಆನ್ ದ ಪ್ರೈಜ್'ನ ಮೊದಲ ಕಂತಿನಲ್ಲಿ 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ ಹದಿನಾಲ್ಕರ ಹುಡುಗ ಎಮೆಟ್ ಟಿಲ್ ಕಥೆ ಬರುತ್ತದೆ. ಜಗತ್ತು ನೋಡಲಿ ಎಂದು ಅವನ ತಾಯಿ ಶಿಕಾಗೋದಲ್ಲಿ ಶವಪೆಟ್ಟಿಗೆ ತೆರೆದಿಟ್ಟೇ ಅಂತ್ಯಕ್ರಿಯೆ ಮಾಡಿಸಿದರು, ಕಪ್ಪು ಓದುಗರ ಜೆಟ್ ಪತ್ರಿಕೆ ಆ ಮುಖ ಅಚ್ಚು ಹಾಕಿತು. ಪೋಸ್ಟರಿನಲ್ಲೂ ಬಾಗಿಲಲ್ಲೂ ಒಂದು ಸಾಲು ಬರೆದಿದ್ದರೆ ಮಕ್ಕಳನ್ನು ಕರೆತರುವವರು ತಾವೇ ತೀರ್ಮಾನ ಮಾಡುತ್ತಾರೆ. ಆ ದೃಶ್ಯವನ್ನು ಕತ್ತರಿಸಿ ತೋರಿಸುವ ಹಕ್ಕು ಮಾತ್ರ ನಿಮಗಿಲ್ಲ, ಕಾನೂನಿನಲ್ಲೂ ಇಲ್ಲ, ಆ ತಾಯಿಯ ಎದುರೂ ಇಲ್ಲ.

ಚಿತ್ರ ಮುಗಿದ ಮೇಲಿನ ಮಾತನ್ನು ನಡೆಸುವವರು ಆ ಊರಿನ ಕಪ್ಪು ಸಮುದಾಯದವರೇ ಆಗಿರಲಿ: ಚರ್ಚಿನ ಚರಿತ್ರೆ ಬರೆದಿಟ್ಟವರು, ಕಪ್ಪು ಜನರ ಹಕ್ಕುಗಳ ಸಂಸ್ಥೆಯಾದ ಎನ್‌ಎಎಸಿಪಿ ಶಾಖೆಯ ಹಿರಿಯರು, ಹಳೆಯ ಶಾಲೆಯ ಮೇಷ್ಟರು. ಅವರನ್ನು ಪೋಸ್ಟರ್ ಅಚ್ಚಾದ ಮೇಲೆ ಕರೆಯುವುದಲ್ಲ, ಚಿತ್ರ ಆರಿಸುವಾಗಲೇ ಕೂಡಿಸಿಕೊಳ್ಳಬೇಕು. ಗೌರವಧನವನ್ನು ಬಜೆಟ್ಟಿನಲ್ಲಿ ಪರವಾನಗಿ ಶುಲ್ಕದ ಪಕ್ಕದಲ್ಲೇ ಬರೆಯಿರಿ. ಎರಡು ಕಾರ್ಡ್‌ಲೆಸ್ ಮೈಕ್ ಸಾಕು, ಆದರೆ ಮೈಕ್ ಸ್ವಯಂಸೇವಕರ ಕೈಯಲ್ಲೇ ಇರಲಿ. ಕೈಗೆ ಕೊಟ್ಟರೆ ವಾಪಸ್ ಬರುವುದಿಲ್ಲ. ಮೊದಲ ಪ್ರಶ್ನೆ ಹೇಗನಿಸಿತು ಎಂಬುದಾಗಿದ್ದರೆ ಸಭೆ ಬಾಯಿ ಬಿಡುವುದಿಲ್ಲ. ಈ ಊರಿನಲ್ಲಿ ಆ ವರ್ಷ ಬಸ್ಸು ಹೇಗೆ ಓಡುತ್ತಿತ್ತು, ಈಜುಕೊಳಕ್ಕೆ ಯಾರನ್ನು ಬಿಡುತ್ತಿದ್ದರು ಎಂದು ಕೇಳಿದರೆ ಹಿಂದಿನ ಸಾಲಿನಿಂದ ಕೈ ಏಳುತ್ತದೆ. ತಿಂಡಿ ಇಡುವುದಾದರೆ ಅಲ್ಲಿನ ಕಪ್ಪು ಸಮುದಾಯದವರು ನಡೆಸುವ ಅಂಗಡಿಯಿಂದ ಅವರು ಹೇಳಿದ್ದನ್ನೇ ತರಿಸಿ. ಕಪ್ಪು ಜನರನ್ನು ಗೇಲಿ ಮಾಡಲು ಬಳಕೆಯಾದ ಹುರಿದ ಕೋಳಿ, ಕಲ್ಲಂಗಡಿ ಎಂದು ತಾವೇ ಮೆನು ಊಹಿಸಿ ಬೈಸಿಕೊಂಡವರಿಗೆ ಅಲ್ಲಿ ಲೆಕ್ಕವಿಲ್ಲ.

ದೊಡ್ಡ ಚಿತ್ರದ ಮುಂಚೆ ಅದೇ ಬೀದಿಯ ಮನೆಚಿತ್ರ ಐದು ನಿಮಿಷ ತೋರಿಸುವುದು ಎಲ್ಲಕ್ಕಿಂತ ಫಲ ಕೊಡುವ ಉಪಾಯ. ಸಾಲೊಮನ್ ಸರ್ ಜೋನ್ಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1924ರಿಂದ 1928ರವರೆಗೆ ಒಕ್ಲಹೋಮದ ಕಪ್ಪು ಊರುಗಳಲ್ಲಿ ಅಂಗಡಿ, ಶಾಲೆ, ಮೆರವಣಿಗೆ, ದೀಕ್ಷಾಸ್ನಾನ ಎಲ್ಲವನ್ನೂ 16 ಎಂಎಂ ಕ್ಯಾಮೆರಾದಲ್ಲಿ ಹಿಡಿದರು. ಆ 29 ಮೂಕ ರೀಲುಗಳು 2016ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿದವು. ಶಿಕಾಗೋ ವಿಶ್ವವಿದ್ಯಾಲಯದ ಜಾಕ್ವೆಲಿನ್ ಸ್ಟೂವರ್ಟ್ 2005ರಲ್ಲಿ ಶುರುಮಾಡಿದ ಸೌತ್ ಸೈಡ್ ಹೋಮ್ ಮೂವಿ ಪ್ರಾಜೆಕ್ಟ್ ಆ ನಗರದ ದಕ್ಷಿಣ ಭಾಗದ ಮನೆಗಳಲ್ಲಿದ್ದ ರೀಲುಗಳನ್ನು ಡಿಜಿಟಲ್ ಮಾಡಿ ಉಳಿಸುತ್ತಿದೆ.

ನಿಮ್ಮೂರಿನಲ್ಲೂ ಅಟ್ಟದ ಮೇಲೆ ಡಬ್ಬಿಗಳಿರುತ್ತವೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಫಿಲ್ಮಿನ ಅಸಿಟೇಟ್ ಪಟ್ಟಿ ಕೊಳೆಯುತ್ತಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆ ಇಡಿ, ಮೊದಲು ಅದನ್ನೇ ಸ್ಕ್ಯಾನಿಗೆ ಕಳಿಸಿ. ಹಳೆಯ ಪ್ರೊಜೆಕ್ಟರಿಗೆ ಹಾಕಿ ಒಮ್ಮೆ ನೋಡಿಬಿಡೋಣ ಎಂಬ ಆಸೆ ಬೇಡ. ಫಿಲ್ಮ್ ಕುಗ್ಗಿರುವುದರಿಂದ ಹಲ್ಲಿಗೆ ತೂತು ಕೂರದೆ ಅಂಚು ಹರಿಯುತ್ತದೆ. ಒಳ್ಳೆಯ ಸ್ಕ್ಯಾನರಿನಲ್ಲಿ ಹಲ್ಲುಚಕ್ರವಿಲ್ಲ, ಫಿಲ್ಮ್ ರೋಲರುಗಳ ಮೇಲೆ ಜಾರುತ್ತದೆ. ಕೊಡಾಕ್ರೋಮ್ ಫಿಲ್ಮಿನ ಬಣ್ಣ ಕತ್ತಲಲ್ಲಿ ಚೆನ್ನಾಗಿ ಉಳಿದಿರುತ್ತದೆ, ಹಳೆಯ ಈಸ್ಟ್‌ಮನ್‌ಕಲರ್ ಪ್ರಿಂಟುಗಳು ಕೆಂಪಗಾಗಿರುತ್ತವೆ. ಐವತ್ತಡಿಯ ಸೂಪರ್ 8 ರೀಲು ಸೆಕೆಂಡಿಗೆ 18 ಫ್ರೇಮಿನಂತೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಬರುತ್ತದೆ. ಅದನ್ನು 24ರಲ್ಲಿ ಓಡಿಸಿದರೆ ಅಜ್ಜಿಯಂದಿರು ಚಾಪ್ಲಿನ್ ಥರ ದುಡುದುಡು ನಡೆಯುತ್ತಾರೆ. ಸ್ಕ್ಯಾನ್ ಮಾಡಿಸುವಾಗ ಮೂಲ ವೇಗವನ್ನು ಬರೆದು ಕೊಡಿ.

ಕರ್ನಾಟಕಕ್ಕೂ ಇದಕ್ಕೂ ನಿಜವಾದ ನಂಟು ಉತ್ತರ ಕನ್ನಡದ ಕಾಡಂಚಿನಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ತಾಲ್ಲೂಕುಗಳ ಸಿದ್ದಿಯರು ಆಫ್ರಿಕಾ ಮೂಲದವರು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ, ಕಪ್ಪು ಸಂಸ್ಕೃತಿಯ ಅಧ್ಯಯನದ ಶಾಂಬರ್ಗ್ ಕೇಂದ್ರ 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆ ಒಂದು ಪ್ರದರ್ಶನವನ್ನೇ ಇಟ್ಟಿತ್ತು. ಇತ್ತ ಸಿದ್ದಿಯರ ಊರುಗಳಲ್ಲಿ ಅಮೆರಿಕದ ಚಿತ್ರ ತೋರಿಸಬೇಕೆಂದರೆ ಕನ್ನಡ ಅಡಿಬರಹ ಬೇಕು, ಅದಕ್ಕೂ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಅಡಿಬರಹದ ಎಸ್‌ಆರ್‌ಟಿ ಫೈಲನ್ನು ಯುನಿಕೋಡಿನ ಯುಟಿಎಫ್-8ರಲ್ಲಿ ಉಳಿಸಿ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆನ್ಸಿ ಅಕ್ಷರದಲ್ಲಿ ಟೈಪಿಸಿದರೆ ಪರದೆ ತುಂಬ ಗೊಜಲು ಚಿಹ್ನೆ ಬರುತ್ತದೆ. ವಿಎಲ್‌ಸಿಯಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ. ಎರಡಕ್ಕಿಂತ ಹೆಚ್ಚು ಸಾಲು ಬೇಡ, ಸಾಲಿಗೆ ಮೂವತ್ತೈದು ಅಕ್ಷರ ದಾಟಿಸಬೇಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದೂರದಿಂದ ಎರಡೂ ಓದಲಾಗುವುದಿಲ್ಲ, ಅದಕ್ಕೆ ಅಕ್ಷರ ದೊಡ್ಡದು ಮಾಡುವುದಕ್ಕಿಂತ ಮಾತನ್ನು ಮೊಟಕುಗೊಳಿಸುವುದೇ ಪರಿಹಾರ. ಭಾರತದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ಮಾತೂ ಬರುತ್ತದೆ. ಚಿತ್ರೋತ್ಸವವಾದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿಗೆ ಮೊದಲೇ ಅರ್ಜಿ ಹಾಕಬೇಕು. ಮಾತುಕತೆಯ ಹೊತ್ತಿಗೆ ಸಿದ್ದಿಯರ ಕೊಂಕಣಿ ಬಲ್ಲ ಅಲ್ಲಿನವರೊಬ್ಬರು ಮೈಕ್ ಹಿಡಿದಿರಲಿ. ಅಡಿಬರಹ ಓದಲಾಗದ ಅಜ್ಜಿಯರಿಗೆ ಚಿತ್ರವನ್ನು ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಆ ಮೈಕ್ ಹಿಡಿದವರೇ ಕಥೆ ಹೇಳಬಹುದು. ಆದ್ದರಿಂದ ನಿಲ್ಲಿಸುವ ಜಾಗಗಳನ್ನು ನಿಮಿಷ ಸಮೇತ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಕೊಡಿ.